ಡಾಕ್ಟರು ಓಡಿಸಿದ ಗಾಡಿ

ನವೆಂಬರ್ ಬಂತೆಂದರೆ ನಮ್ಮ ಬಡಾವಣೆಯ ಸಂಘದವರಿಗೆ ಸನ್ಮಾನ ಮಾಡಲು ಜನ ಸಿಗುವುದಿಲ್ಲ. ಶಾಲು ಇದೆ, ಪೇಟ ಇದೆ, ಹಣ್ಣಿನ ಬುಟ್ಟಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹೇಳಿಟ್ಟಾಗಿದೆ, ಮೈಕ್‌ಸೆಟ್ಟಿನವನಿಗೆ ಅಡ್ವಾನ್ಸೂ ಕೊಟ್ಟಾಗಿದೆ. ಹೊದಿಸಿಕೊಳ್ಳುವ ಹೆಗಲು ಮಾತ್ರ ಇಲ್ಲ. ರಾಮಮೂರ್ತಿನಗರದ ಸುತ್ತಮುತ್ತ ಸನ್ಮಾನಕ್ಕೆ ಯೋಗ್ಯರಾದವರೆಲ್ಲ ಮುಗಿದುಹೋಗಿದ್ದಾರೆ. ನಿವೃತ್ತ ಹೆಡ್‌ಮಾಸ್ತರೊಬ್ಬರಿಗೆ ಎರಡು ಸಲ ಆಗಿದೆ. ಈ ವರ್ಷ ಯಾರಾದರೂ ಡಾಕ್ಟರನ್ನು ಹಿಡಿಯೋಣ ಎಂದು ಅಧ್ಯಕ್ಷರು ಹೇಳುತ್ತಿದ್ದಾಗ ನಾನು ಎದ್ದು ನಿಂತು, ಹಳೇ ಮದ್ರಾಸ್ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರುವ ಒಬ್ಬ ಮಹನೀಯರನ್ನು ಸೂಚಿಸಿದೆ. ಸಭೆ ನಕ್ಕಿತು. ನಗುವಂಥದ್ದೇನೂ ಇರಲಿಲ್ಲ. ಬಿನ್ನವತ್ತಳೆ ನಾನೇ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದೆ. ಬರೆಯಲು ಕೂತ ಮೇಲೆ ಗೊತ್ತಾಯಿತು, ಅವರ ಗುಣಗಳು ಗಾಜಿನ ಫ್ರೇಮಿನಲ್ಲಿ ಹಿಡಿಯುವಂಥವಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಒಬ್ಬರ ಹೆಸರು ಹಾಕಿದರೆ, ಹಲಸೂರಿನಿಂದ ಕೆ.ಆರ್. ಪುರದ ತೂಗುಸೇತುವೆಯವರೆಗೆ ಇದೇ ಸೇವೆಯಲ್ಲಿ ತೊಡಗಿರುವ ಉಳಿದವರಿಗೆ ಬೇಸರವಾಗುತ್ತದೆ.

ನಮಗೆ ಕಾರು ಬೇಕೆನಿಸಿದ್ದು ಅತ್ತೆಯವರ ಮೊಣಕಾಲಿನಿಂದ. 2023ರ ಅಕ್ಟೋಬರ್ 9ಕ್ಕೆ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಉಳಿದಿದ್ದ ತುಂಡು ಕೂಡಿಕೊಂಡು ಮೆಟ್ರೋ ನೇರವಾಗಿ ಓಡತೊಡಗಿದ ಮೇಲೆ, ಇನ್ನು ಕಾರಿನ ಹಂಗೇ ಇಲ್ಲ ಎಂದು ನಾನು ಮನೆಯಲ್ಲಿ ವಾದಿಸುತ್ತಿದ್ದೆ. 'ಸ್ಟೇಷನ್‌ವರೆಗೆ ಅಮ್ಮನ್ನ ಎತ್ತಿಕೊಂಡು ಹೋಗ್ತೀರೇನ್ರೀ?' ಎಂದು ಹೆಂಡತಿ ಕೇಳಿದ ಮೇಲೆ ವಾದ ನಿಂತಿತು. ಹೊಸ ಕಾರಿಗೆ ನಮ್ಮ ಹತ್ತಿರ ದುಡ್ಡಿರಲಿಲ್ಲ. ಆ ಅಂಗಡಿ ನನ್ನ ಕಣ್ಣಿಗೆ ಬಿದ್ದದ್ದೂ ಮೆಟ್ರೋದ ಕಿಟಕಿಯಿಂದಲೇ. ಬಲೂನು ಕಟ್ಟಿದ ಹಗ್ಗದ ಕೆಳಗೆ ಕಾರುಗಳು ತೊಳೆದಿಟ್ಟ ಪಾತ್ರೆಗಳ ಹಾಗೆ ಮಿಂಚುತ್ತ ಸಾಲಾಗಿ ನಿಂತಿದ್ದವು. ಮೇಲಿನಿಂದ ನೋಡಿದರೆ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತವೆ. ಟಾಪಿಗೆ ಯಾರೂ ಗುದ್ದುವುದಿಲ್ಲವಲ್ಲ.

ಮೊದಲ ಭಾನುವಾರವೇ ಆ ಸಂಸ್ಥೆಯ ಸಂಸ್ಕಾರ ತಿಳಿಯಿತು. ಕೂರಿಸಿದರು, ನೀರು ಕೊಟ್ಟರು, ಟೀ ತರಿಸಿದರು. ಗಾಜಿನ ಕೋಣೆಯಲ್ಲಿ ಲಕ್ಷ್ಮಿಯ ಪಟದ ಕೆಳಗೆ ಕುಳಿತಿದ್ದ ಮಾಲೀಕರು ಅಲ್ಲಿಂದಲೇ ಕೈಯೆತ್ತಿದರು. ಸೇಲ್ಸ್ ಹುಡುಗನೊಬ್ಬ ಬಂದು 'ಬಜೆಟ್ ಎಷ್ಟು ಸಾರ್?' ಎಂದು ಕೇಳಿದ. ನಾಲ್ಕು ಲಕ್ಷ ಎಂದೆ. ಅವನು ಮರುಮಾತಿಲ್ಲದೆ ನಾಲ್ಕು ಮುಕ್ಕಾಲು ಲಕ್ಷದ ಒಂದು ಬಿಳಿ ಕಾರಿನ ಮುಂದೆ ತಂದು ನಿಲ್ಲಿಸಿದ. ನಮ್ಮ ಶಕ್ತಿಯನ್ನು ನಮಗಿಂತ ಹೆಚ್ಚು ನಂಬುವವರು ಸಿಗುವುದು ಅಪರೂಪ.

'2016ರ ಮಾಡೆಲ್ ಸಾರ್. 42 ಸಾವಿರ ಓಡಿದೆ. ಶೋರೂಂ ಮೇಂಟೇನ್ಡ್. ಡಾಕ್ಟರ್ ಓಡಿಸಿದ ಗಾಡಿ.'

ಡಾಕ್ಟರ ಪರಿಚಯ ನನಗೆ ಆದದ್ದು ಹೀಗೆ. ಪಕ್ಕದಲ್ಲಿದ್ದ ಕೆಂಪು ಕಾರು ಯಾರದು ಎಂದೆ. ಅದೂ ಡಾಕ್ಟರದೇ, ಲೇಡಿ ಡಾಕ್ಟರು. ಅದರಾಚೆಯ ಬೂದು ಬಣ್ಣದ್ದು? ಡಾಕ್ಟರ ತಂದೆಯದು, ಅವರೂ ಡಾಕ್ಟರು. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಆ ಹೆಸರಿಗೆ ಕಾರಣವಾದ ಆಸ್ಪತ್ರೆ ಇದೆಯೆಂದು ಗೊತ್ತಿತ್ತು; ಅಲ್ಲಿನ ವೈದ್ಯರೆಲ್ಲ ಕಾರು ಮಾರಿ ನಡೆದುಕೊಂಡು ಓಡಾಡುತ್ತಿದ್ದಾರೆಂದು ಗೊತ್ತಿರಲಿಲ್ಲ. ಡಾಕ್ಟರೆಂದರೆ ಯಾಕೆ ಅಷ್ಟು ಬೆಲೆ ಎಂದು ಆ ಹುಡುಗನೇ ಬಿಡಿಸಿ ಹೇಳಿದ. ಡಾಕ್ಟರು ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಹೋಗುತ್ತಾರೆ, ಅಷ್ಟೇ. ಮೆತ್ತಗೆ ಓಡಿಸುತ್ತಾರೆ. ಟೈಮಿಗೆ ಸರಿಯಾಗಿ ಆಯಿಲ್ ಬದಲಿಸುತ್ತಾರೆ. ವಕೀಲರ ಗಾಡಿ ಇದೆಯೇ ಎಂದು ಸುಮ್ಮನೆ ಕೇಳಿ ನೋಡಿದೆ. 'ನಾವು ಅಂಥದ್ದು ತಗೊಳ್ಳೋಲ್ಲ ಸಾರ್' ಎಂದ.

ನನಗಿದ್ದದ್ದು ಒಂದೇ ಅನುಮಾನ. 'ಡಿಕ್ಕಿ ಏನಾದರೂ ಆಗಿದೆಯೇನಪ್ಪಾ?' ಎಂದೆ.

'ದೊಡ್ಡ ಡಿಕ್ಕಿ ಸಾರ್. ಎರಡು ಸೂಟ್‌ಕೇಸು, ಒಂದು ಅಕ್ಕಿ ಮೂಟೆ ಆರಾಮಾಗಿ ಹಿಡಿಯುತ್ತೆ' ಎಂದು ಹಿಂದಿನ ಬಾಗಿಲೆತ್ತಿ ತೋರಿಸಿದ. ಪ್ರಶ್ನೆಗೆ ಉತ್ತರ ಸಿಕ್ಕಿತು. ಯಾವ ಪ್ರಶ್ನೆಗೆ ಎಂದು ಕೇಳುವುದು ಸೌಜನ್ಯವಲ್ಲ.

ಸಾಲಿನ ಕೊನೆಯಲ್ಲಿ ದೆಹಲಿ ನಂಬರಿನ ಒಂದು ಡೀಸೆಲ್ ಗಾಡಿಯೂ ಇತ್ತು. 2015ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಕೂಡದು ಎಂದಿತು. ಅಂದಿನಿಂದ ಅಲ್ಲಿ ನಿವೃತ್ತರಾದ ಗಾಡಿಗಳು ಎನ್‌ಒಸಿ ಹಿಡಿದುಕೊಂಡು ದೇಶದ ನಾನಾ ಕಡೆ ಹೊರಟಿವೆ. ಬೆಂಗಳೂರು ಮೊದಲಿಂದಲೂ ಪಿಂಚಣಿದಾರರ ಸ್ವರ್ಗವಷ್ಟೆ. ಇಲ್ಲಿ ಬಂದ ಮೇಲೆ ಜೀವಾವಧಿ ತೆರಿಗೆ ಮತ್ತೊಮ್ಮೆ ಕಟ್ಟಬೇಕೆಂಬ ಸಣ್ಣ ವಿಷಯವನ್ನು ಹುಡುಗ ಹೇಳಲಿಲ್ಲ. ಬಂದ ಅತಿಥಿಯ ಮುಂದೆ ಖರ್ಚಿನ ಮಾತೇಕೆ?

ಟೆಸ್ಟ್ ಡ್ರೈವಿಗೆ ಅವರು ಆರಿಸಿಕೊಂಡಿರುವ ಜಾಗದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. 2022ರಲ್ಲಿ ಟಾಮ್‌ಟಾಮ್ ಎಂಬ ಡಚ್ ಸಂಸ್ಥೆ ಪ್ರಪಂಚದ ನಗರಗಳ ಟ್ರಾಫಿಕ್ಕನ್ನು ಅಳೆದಾಗ ಲಂಡನ್ ಬಿಟ್ಟರೆ ನಿಧಾನದಲ್ಲಿ ನಾವೇ ಎರಡನೆಯವರಾಗಿದ್ದೆವು. ನಗರದ ನಡುಭಾಗದಲ್ಲಿ ಹತ್ತು ಕಿಲೋಮೀಟರಿಗೆ 29 ನಿಮಿಷ. ಅವರು ಟಿನ್ ಫ್ಯಾಕ್ಟರಿಯ ಹತ್ತಿರ ಬಂದು ಅಳೆದಿದ್ದರೆ ಲಂಡನ್ ಎಲ್ಲಿರುತ್ತಿತ್ತು ಎಂದು ನಾನು ಹೇಳಬೇಕಾಗಿಲ್ಲ. ಅಂಗಡಿಯಿಂದ ಎಡಕ್ಕೆ ತಿರುಗಿ ಟಿನ್ ಫ್ಯಾಕ್ಟರಿಯ ಕಡೆ ಹೊರಟೆವು. ಫಸ್ಟ್ ಗೇರ್. ನಿಂತೆವು. ಫಸ್ಟ್ ಗೇರ್. ಒಮ್ಮೆ ಸೆಕೆಂಡಿಗೆ ಹಾಕುವ ಯೋಗ ಬಂತು, ಅಷ್ಟರಲ್ಲಿ ಬಿಎಂಟಿಸಿ ಬಸ್ಸೊಂದು ಅಡ್ಡ ಬಂದು ಅದನ್ನೂ ಕಿತ್ತುಕೊಂಡಿತು. ನಲವತ್ತು ನಿಮಿಷದ ಮೇಲೆ ಯು ಟರ್ನ್ ಹೊಡೆದು ವಾಪಸ್ಸಾದೆವು. ಮೂರು, ನಾಲ್ಕು, ಐದನೇ ಗೇರುಗಳು ಹೇಗಿವೆ ಎಂದೆ. 'ಯೂಸೇ ಆಗಿಲ್ಲ ಸಾರ್, ಹೊಸದಿದ್ದ ಹಾಗಿವೆ.' ಈ ಒಂದು ಮಾತನ್ನು ಅವನು ಪೂರ್ತಿ ಸತ್ಯವಾಗಿಯೇ ಹೇಳಿರಬಹುದು. ದಾರಿಯಲ್ಲಿ ಬಾನೆಟ್ಟಿನೊಳಗೆ ಯಾರೋ ಹುರಿಗಡಲೆ ಅಲ್ಲಾಡಿಸಿದಂತೆ ಸದ್ದು ಬಂದಾಗಲೆಲ್ಲ ಅವನು ಕೈ ಚಾಚಿ ಹಾಡಿನ ವಾಲ್ಯೂಮ್ ಏರಿಸುತ್ತಿದ್ದ. ಆಮೇಲಾಮೇಲೆ ನನಗೂ ಅಭ್ಯಾಸವಾಗಿ, ಸದ್ದು ಬಂದರೆ ನಾನೇ ಏರಿಸತೊಡಗಿದೆ.

ಮೀಟರಿನ 42 ಸಾವಿರದ ಬಗ್ಗೆ ನನಗೆ ಆಗ ಅನುಮಾನವಿರಲಿಲ್ಲ. ಈಗಲೂ ಅದನ್ನು ಸುಳ್ಳು ಎನ್ನಲು ನಾಲಗೆ ಏಳುವುದಿಲ್ಲ. ನಮ್ಮ ಕಾಲದ ಹಳೇ ಕಾರುಗಳಿಗೆ ಐದಂಕಿಯ ಮೀಟರ್ ಇರುತ್ತಿತ್ತು. 99,999 ಆದ ಮೇಲೆ ತಾನಾಗಿ ಸೊನ್ನೆಗೆ ಬಂದು ಹೊಸ ಬಾಳು ಶುರು ಮಾಡುತ್ತಿತ್ತು. ಎಲೆಕ್ಟ್ರಾನಿಕ್ ಮೀಟರ್ ಬಂದ ಮೇಲೆ ಗಾಡಿಗಳಿಗೆ ಆ ಭಾಗ್ಯ ತಪ್ಪಿಹೋಯಿತು. ತಪ್ಪಿದ್ದನ್ನು ಒಂದು ಲ್ಯಾಪ್‌ಟಾಪು, ಒಂದು ವಯರಿನ ಸಹಾಯದಿಂದ ಚಹಾ ಆರುವುದರೊಳಗೆ ಮರಳಿ ಕೊಡಿಸುವವರಿದ್ದಾರೆ. ಮನುಷ್ಯನ ವಯಸ್ಸಿಗೆ ಇಂಥದೊಂದು ವಯರು ಸಿಕ್ಕರೆ ಅಂಗಡಿಯ ಮುಂದಿನ ಕ್ಯೂ ಎಲ್ಲಿಯವರೆಗೆ ನಿಲ್ಲುತ್ತದೆ, ಯೋಚಿಸಿ. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸವೆದು, ಅಡ್ಡಗೆರೆಗಳೆಲ್ಲ ಅಳಿಸಿ, ಕಬ್ಬಿಣ ಕಾಣುತ್ತಿತ್ತು. ಡಾಕ್ಟರು ಜಾಗ್ರತೆಯ ಮನುಷ್ಯ, ಬ್ರೇಕು ಹೆಚ್ಚಾಗಿ ಒತ್ತುತ್ತಿದ್ದರಂತೆ.

ಎರಡನೇ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋದೆ. ಆ ಹೊತ್ತಿಗೆ ಹುಡುಗ ನನ್ನನ್ನು ಸಾರ್ ಎನ್ನುವುದು ಬಿಟ್ಟು ಅಣ್ಣ ಎನ್ನುತ್ತಿದ್ದ. ಅವಳಿಗೆ ಎಂಜಿನ್ ಗಿಂಜಿನ್ ಬೇಡ. ಹಿಂದಿನ ಸೀಟಿನಲ್ಲಿ ಕೂತು, ಅಮ್ಮನ ಮೈಗೆ ಸೀಟ್ ಬೆಲ್ಟ್ ಸಾಲುತ್ತದೆಯೇ ಎಂದು ನೋಡಲು ಅದನ್ನು ಎಳೆದಳು. ನಾವೆಲ್ಲ ಬೆಲ್ಟನ್ನು ಬೇಕಾದಷ್ಟೇ ಎಳೆಯುತ್ತೇವೆ. ಅವಳು ಸೀರೆಯ ಉದ್ದ ಅಳೆಯುವ ಹಾಗೆ ಕೊನೆಯವರೆಗೂ ಎಳೆದಳು. ಹೊರಗಿನ ಗೇಣೆರಡು ಗೇಣು ಕಪ್ಪಗೆ, ಹೊಸದರಂತೆ ಇತ್ತು. ಒಳಗಿನಿಂದ ಬಂದದ್ದು ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಕೊನೆಯ ಸುತ್ತು ಬಿಚ್ಚಿಕೊಂಡಾಗ ಒಣಗಿದ ಕೆಸರಿನ ಒಂದು ಹೊಪ್ಪಳಿಕೆ ಕಳಚಿ ಅವಳ ಮಡಿಲಿಗೆ ಬಿದ್ದು ಪುಡಿಯಾಯಿತು. ಬೆರಳಲ್ಲಿ ತಿಕ್ಕಿ ನೋಡಿದಳು. ವಿಭೂತಿಯಷ್ಟು ನಯ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ನೀರು ನಿಂತು ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಅವರನ್ನು ಟ್ರ್ಯಾಕ್ಟರ್ ಹೊತ್ತೊಯ್ದಿತು. ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರುಗಳನ್ನು ಯಾರು ಕೈಹಿಡಿದರು? ಎಲ್ಲರೂ ಕೈಬಿಟ್ಟವರನ್ನು ಎತ್ತಿ, ತೊಳೆದು, ಒಣಗಿಸಿ, ಸೆಂಟು ಹೊಡೆದು, ಮತ್ತೊಂದು ಸಂಸಾರಕ್ಕೆ ಸೇರಿಸುವವರು ಈ ನಗರದಲ್ಲಿ ಇರುವುದರಿಂದಲೇ ಮಳೆ ಬೆಳೆ ಆಗುತ್ತಿದೆ. 'ಡಾಕ್ಟರದು ಕೋಲಾರದಲ್ಲಿ ತೋಟ ಇತ್ತು ಮೇಡಂ, ಮಣ್ಣಿನ ಮೇಲೆ ಭಾರೀ ಪ್ರೀತಿ' ಎಂದ ಹುಡುಗ. ಹೆಂಡತಿ ಏನೂ ಹೇಳದೆ ಬೆಲ್ಟನ್ನು ಬಿಟ್ಟಳು. ಅದು ಒಳಗೆ ಹೋಗಲಿಲ್ಲ. ಹಾಗೇ ನಾಲಗೆ ಚಾಚಿಕೊಂಡು ಬಿದ್ದಿತ್ತು.

ಸಂಸ್ಥೆಯ ಕೀರ್ತಿ ಪೂರ್ತಿಯಾಗಿ ತಿಳಿಯಬೇಕಾದರೆ ಬಲ್ಲವರನ್ನೇ ಕೇಳಬೇಕು ಎಂದು ಮೂರನೇ ಭಾನುವಾರ ಶಿವಾಜಿನಗರದ ಗುಜರಿಯಿಂದ ಭಾಯ್ ಒಬ್ಬರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಆ ಗಲ್ಲಿಗಳನ್ನು ನೋಡದವರಿಗೆ ಎರಡು ಮಾತು: ತೋರಣ ಕಟ್ಟಿದ ಹಾಗೆ ಹೆಡ್‌ಲೈಟುಗಳು, ಬಾಗಿಲ ಮೇಲೆ ಬಾಗಿಲು ಪೇರಿಸಿದ ಗೋಡೆ, ನೆಲದಲ್ಲೆಲ್ಲ ಆಯಿಲ್ಲು, ರಸ್ತೆಬದಿಯಲ್ಲಿ ವರ್ಷಗಟ್ಟಲೆ ಅಲುಗದೆ ತುಕ್ಕು ಹಿಡಿದು ನಿಂತ ಕಾರುಗಳು. ಭಾಯ್ ನಲವತ್ತು ವರ್ಷದಿಂದ ಅಲ್ಲಿ ಗಾಡಿ ಬಿಚ್ಚುತ್ತಿದ್ದಾರೆ. ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಜೇಬಿನಿಂದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ತೆಗೆದು ಎಡಗಡೆ ಹಿಂದಿನ ಬಾಗಿಲಿಗೆ ಹಚ್ಚಿದರು. ಕಚ್ಚಿಕೊಂಡಿತು. ಒಂದು ಮೊಳ ಹಿಂದಕ್ಕೆ, ಚಕ್ರದ ಮೇಲೆ ಹಚ್ಚಿದರು. ಜಾರಿ ಕೆಳಗೆ ಬಿತ್ತು. ಎತ್ತಿಕೊಂಡು ಮತ್ತೆ ಹಚ್ಚಿದರು, ಮತ್ತೆ ಬಿತ್ತು. ಗೆಣ್ಣಿನಿಂದ ಕುಟ್ಟಿದರು. ಬಾಗಿಲು ಠಣ್ ಅಂದಿತು, ಚಕ್ರದ ಮೇಲ್ಭಾಗ ಹಲಸಿನ ಹಣ್ಣಿನ ಹಾಗೆ ದಬ್ ಅಂದಿತು.

'ಬರೀ ಪುಟ್ಟಿ ಸಾರ್. ತಗಡು ಇಲ್ಲ ಇಲ್ಲಿ.'

ಬಾನೆಟ್ ಎತ್ತಿದಾಗ ಭಾಯ್ ಮುಖ ಅರಳಿತು. ಒಳಮಗ್ಗುಲಲ್ಲಿ ಸೀಮೆಸುಣ್ಣದಲ್ಲಿ ಬರೆದು ಅರ್ಧ ಅಳಿಸಿಹೋಗಿದ್ದ ಒಂದು ಗುರುತು ಇತ್ತು. 'ಇದು ನಮ್ದೇ ಸಾರ್! ಹೋದ ರಂಜಾನ್‌ನಾಗೆ ಕೊಟ್ಟಿದ್ದು. ಬೇರೆ ಗಾಡೀದು, ಅದೂ ಬಿಳೀನೇ.' ಊರು ಬಿಟ್ಟು ಹೋದ ಮಗಳನ್ನು ಗಂಡನ ಮನೆಯಲ್ಲಿ ಕಂಡವರ ಹಾಗೆ ಅದನ್ನು ಸವರಿದರು. ಮುಂಭಾಗ ಒಂದು ಗಾಡಿಯದು, ಹಿಂಭಾಗ ಇನ್ನೊಂದರದು, ಪುಟ್ಟಿ ಇಬ್ಬರಿಗೂ ಸೇರಿದ್ದು. ಒಂದು ಕಾರಿನ ಬೆಲೆಗೆ ಇಷ್ಟೆಲ್ಲ ಕೊಡುವ ಧಾರಾಳಿ ಹೊಸ ಕಾರಿನ ಶೋರೂಮಿನಲ್ಲಿ ಸಿಗುತ್ತಾನೆಯೇ?

ಡ್ರೈವರ್ ಸೀಟಿನ ಹಿಂಬದಿಯಲ್ಲಿ ಅಂಟು ಕಿತ್ತ ನಾಲ್ಕು ಗುರುತುಗಳಿದ್ದವು, ಒಂದು ಹಾಳೆಯ ಅಗಲ. ಟ್ಯಾಕ್ಸಿಗಳಲ್ಲಿ ಪ್ರಯಾಣಿಕರಿಗೆ ಕಾಣುವಂತೆ ಡ್ರೈವರಿನ ಫೋಟೋ, ಹೆಸರು ಅಂಟಿಸುವುದು ಅಲ್ಲೇ ಎಂದರು ಭಾಯ್. ನನಗೆ ಹಾಗನಿಸಲಿಲ್ಲ. ಡಾಕ್ಟರು ತಮ್ಮ ಡಿಗ್ರಿ ಸರ್ಟಿಫಿಕೇಟನ್ನು ಅಲ್ಲಿ ಅಂಟಿಸಿಕೊಂಡಿದ್ದರು. ಎಂಜಿನ್ನಿನ ಪಕ್ಕ ಸ್ಪೀಡ್ ಗವರ್ನರ್ ಕಿತ್ತು ವಯರಿಗೆ ಕಪ್ಪು ಟೇಪು ಸುತ್ತಿತ್ತು. ಸಂಯಮಿಯಾದ ಡಾಕ್ಟರು ಗಂಟೆಗೆ 80 ಮೀರಬಾರದೆಂದು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಡ್ಯಾಶ್‌ಬೋರ್ಡಿನ ಡ್ರಾಯರಿನ ಮೂಲೆಯಲ್ಲಿ ಏರ್‌ಪೋರ್ಟ್ ರಸ್ತೆಯ ಸಾದಹಳ್ಳಿ ಟೋಲಿನ ಮಾಸಿದ ಚೀಟಿ ಸಿಕ್ಕಿತು. 2018ರದ್ದು, ಬೆಳಗಿನ ಜಾವ 3:10. ಎಮರ್ಜೆನ್ಸಿ ಕೇಸು. ಭಾಯ್ ಸಿಗರೇಟು ಹಚ್ಚಿ, 'ಮೂರು ಲಕ್ಷ ಕಿಲೋಮೀಟರಿಗೆ ಕಮ್ಮಿ ಇಲ್ಲ' ಎಂದು ತೀರ್ಪು ಕೊಟ್ಟು, ಆಟೋ ಬಾಡಿಗೆ ಮಾತ್ರ ತೆಗೆದುಕೊಂಡು ಹೋದರು. ಬಾನೆಟ್ಟನ್ನು ಹೋಗುವ ಮುಂಚೆ ಇನ್ನೊಮ್ಮೆ ನೋಡಿದರು.

ಇಷ್ಟಾದ ಮೇಲೂ ನಾನು ಹತ್ತು ಸಾವಿರ ಟೋಕನ್ ಕೊಟ್ಟದ್ದು ಯಾಕೆ ಎಂದು ಹೆಂಡತಿ ಇಂದಿಗೂ ಕೇಳುತ್ತಾಳೆ. ನಿಜ ಹೇಳಬೇಕೆಂದರೆ ಭಾಯ್ ಬರುವ ಮೊದಲೇ, ಎರಡನೇ ಭಾನುವಾರವೇ, ಬೆಲ್ಟು ನಾಲಗೆ ಚಾಚಿದ ಹತ್ತು ನಿಮಿಷದೊಳಗೆ ಕೊಟ್ಟಾಗಿತ್ತು. 'ಇನ್ನೊಂದು ಪಾರ್ಟಿ ದಾರಿಯಲ್ಲಿದ್ದಾರೆ ಅಣ್ಣ, ಹಲಸೂರು ಕೆರೆ ಹತ್ತಿರ ಬಂದಾಯ್ತಂತೆ' ಎಂದು ಹುಡುಗ ಫೋನನ್ನು ಕಿವಿಯಿಂದ ತೆಗೆದು ಹೇಳಿದಾಗ ಯಾರ ಕೈಯೂ ಜೇಬಿಗೆ ಹೋಗುತ್ತದೆ. ಕೊಟ್ಟ ಮೇಲೆ ನಾನು ಅಂಕಲ್ ಆದೆ. ಆ ಇನ್ನೊಂದು ಪಾರ್ಟಿ ಹಲಸೂರು ಕೆರೆಯಿಂದ ಈಚೆಗೆ ಬರಲೇ ಇಲ್ಲ. ಪಾಪ, ಟಿನ್ ಫ್ಯಾಕ್ಟರಿಯಲ್ಲೂ ಸಿಕ್ಕಿಹಾಕಿಕೊಂಡಿರಲಾರರು, ಅದು ಅಂಗಡಿಯ ಆಚೆ ಬದಿ.

ಕಾಗದಪತ್ರದ ವಿಷಯದಲ್ಲಿ ಮಾಲೀಕರದು ಋಷಿಯ ಅನಾಸಕ್ತಿ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಹೊಸ ನಿಯಮ ತಂದು 2023ರ ಏಪ್ರಿಲ್ 1ರಿಂದ ಜಾರಿ ಮಾಡಿತು. ಹಳೇ ಗಾಡಿ ಮಾರುವವರು ಆರ್‌ಟಿಓದಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ಅಂಗಡಿಗೆ ಬಂದ ಕೂಡಲೇ ಆನ್‌ಲೈನಿನಲ್ಲಿ ತಿಳಿಸಬೇಕು, ಆಮೇಲೆ ಅದರ ಹೊಣೆಯೆಲ್ಲ ಅಂಗಡಿಯವರದೇ, ಗಾಡಿ ಹೊರಗೆ ಹೋದರೆ ಯಾರು ಓಡಿಸಿದರು, ಎಷ್ಟು ಓಡಿತು ಎಂದು ಟ್ರಿಪ್ ರಿಜಿಸ್ಟರ್ ಇಡಬೇಕು. ರಿಜಿಸ್ಟರ್ ತೋರಿಸಿ ಎಂದೆ. ಹುಡುಗ ಒಂದು ಉದ್ದ ನೋಟ್‌ಬುಕ್ ತಂದ. 'ಟೀ 6, ಬನ್ 2, ಬಾಕಿ 40' ಎಂದು ದಿನಾಂಕ ಸಮೇತ ಬರೆದಿತ್ತು. ನಿಯಮದ ಒಂದು ಭಾಗವನ್ನಾದರೂ, ಅಂದರೆ ಬರೆದಿಡುವುದನ್ನು, ನಿಷ್ಠೆಯಿಂದ ಪಾಲಿಸುತ್ತಿದ್ದಾರೆ.

ಆರ್‌ಸಿಯಲ್ಲಿ ಹೆಸರು ಯಾರದು ಎಂದರೆ, ಗಾಡಿಯ ಹಿಂದಿನ ಮಾಲೀಕರದೇ. ಅವರು ವರ್ಗಾವಣೆಯ ಫಾರಂ 29, 30ನ್ನು ಖಾಲಿ ಬಿಟ್ಟು ಸಹಿ ಮಾತ್ರ ಹಾಕಿಕೊಟ್ಟು ಹೋಗಿದ್ದಾರೆ. ಗಾಡಿ ಕೈಬಿಟ್ಟರೂ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟು ಗೊತ್ತಿದ್ದೂ ಮುಖ ಗೊತ್ತಿಲ್ಲದ ನನ್ನಂಥವನ ತಪ್ಪಿಗೆ ತಲೆಕೊಡಲು ಸಹಿ ಹಾಕಿಹೋದ ಆ ಪುಣ್ಯಾತ್ಮ ಯಾರು? ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ ನೋಡಿದೆ. ಮೂರನೇ ಓನರು. ಅದಕ್ಕೂ ಹಿಂದೆ ಹಳದಿ ಬೋರ್ಡು. ಅದನ್ನು ಮೇಜಿನ ಮೇಲಿಟ್ಟು ಹುಡುಗನ ಮುಖ ನೋಡಿದೆ. ಅವನು ಕಣ್ಣು ಮಿಟುಕಿಸಲಿಲ್ಲ.

'ಡಾಕ್ಟರದು ಸೈಡ್ ಬಿಸಿನೆಸ್ ಅಂಕಲ್.'

ಲೆಕ್ಕದ ಚೀಟಿಯಲ್ಲಿ ಅವರ ಪ್ರಾಮಾಣಿಕತೆ ಇನ್ನೂ ಎದ್ದು ಕಾಣುತ್ತದೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಳೇ ಗಾಡಿಗಳಿಗೆಲ್ಲ ಶೇ 18 ಎಂದು ತೀರ್ಮಾನಿಸಿತು. ಆದರೆ ಅದು ಬೀಳುವುದು ವ್ಯಾಪಾರಿಯ ಲಾಭದ ಭಾಗಕ್ಕೆ ಮಾತ್ರ, ಗಾಡಿಯ ಪೂರ್ತಿ ಬೆಲೆಗಲ್ಲ. ನನ್ನ ಚೀಟಿಯಲ್ಲಿ ನಾಲ್ಕು ಮುಕ್ಕಾಲು ಲಕ್ಷದ ಮೇಲೆ ಅಷ್ಟಕ್ಕೂ ಶೇ 18 ಹಾಕಿದ್ದರು. ಅಂದರೆ ಪಡೆದದ್ದೆಲ್ಲ ಲಾಭವೇ ಎಂದು ತಮ್ಮ ಕೈಯಾರೆ ಬರೆದುಕೊಟ್ಟರು. ಇಂಥ ತಪ್ಪೊಪ್ಪಿಗೆಯನ್ನು ಪೊಲೀಸರೂ ಇಷ್ಟು ಸುಲಭವಾಗಿ ಬರೆಸಿಕೊಂಡಿರಲಾರರು.

ಅಮೆರಿಕದಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರದ ಮೇಲೆ ಅವರು ಬರೆದ ಪ್ರಬಂಧವನ್ನು ಮೂರು ಪತ್ರಿಕೆಗಳು ತಿರಸ್ಕರಿಸಿ, ನಾಲ್ಕನೆಯದು 1970ರಲ್ಲಿ ಅಚ್ಚು ಹಾಕಿತು; ಆ ಕೆಲಸಕ್ಕೇ 2001ರಲ್ಲಿ ನೊಬೆಲ್ ಬಂತು. ಅವರು ಹೇಳುವುದಿಷ್ಟು: ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಹೆದರಿ ಸರಾಸರಿ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿ ಇಟ್ಟುಕೊಂಡವನು ಕೊಡುವುದಿಲ್ಲ, ಮನೆಗೆ ಹೋಗುತ್ತಾನೆ. ಸಂತೆಯಲ್ಲಿ ಕೊನೆಗೆ ಉಳಿಯುವುದು ಕೆಟ್ಟ ಗಾಡಿಗಳೇ. ಅಂಥ ಗಾಡಿಗೆ ಅಲ್ಲಿಯವರು ನಿಂಬೆಹಣ್ಣು ಎನ್ನುತ್ತಾರಂತೆ. 1967ರ ಹೊತ್ತಿಗೆ ಅಕರ್ಲಾಫ್ ಒಂದು ವರ್ಷ ದೆಹಲಿಯಲ್ಲಿದ್ದರು. ದೆಹಲಿಯ ಬದಲು ನಮ್ಮ ಕಂಟೋನ್ಮೆಂಟಿಗೆ ಬಂದಿದ್ದರೆ ಅಷ್ಟು ಪೇಜು ಗಣಿತ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ನಿಂಬೆಹಣ್ಣಿನ ಬಗ್ಗೆ ಅವರಿಗಿಂತ ನಮಗೆ ಹೆಚ್ಚು ಗೊತ್ತು. ನಾವು ಅದನ್ನು ಗಾಡಿಯ ಕೆಳಗೇ ಇಡುತ್ತೇವೆ.

ನಾನು ಟೋಕನ್ ವಾಪಸ್ ಕೇಳಲು ಹೋದದ್ದು ಆರನೇ ಭಾನುವಾರ. ಅದಕ್ಕೂ ಮುಂಚಿನ ಎರಡು ಭಾನುವಾರ ಮಾಲೀಕರು ಧರ್ಮಸ್ಥಳಕ್ಕೆ ಹೋಗಿದ್ದರು. ಅಂದು ಅಂಗಡಿಯ ಮುಂದೆ ಪೂಜೆ ನಡೆಯುತ್ತಿತ್ತು. ನಮ್ಮ ಬಿಳಿ ಕಾರೇ. ಬಾನೆಟ್ಟಿಗೆ, ಭಾಯ್ ಬಾನೆಟ್ಟಿಗೆ, ಚೆಂಡು ಹೂವಿನ ಹಾರ ಹಾಕಿ ಅರಿಶಿನ ಕುಂಕುಮ ಹಚ್ಚಿದ್ದರು. ಕೊಂಡವರು ನಡುವಯಸ್ಸಿನ ದಂಪತಿ. ಹೆಂಗಸು ಗೋಡೆ ಹಿಡಿದು ನಿಂತಿದ್ದರು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಹೊಸ ಮಾಲೀಕರು ಕೀ ತಿರುಗಿಸಿದರು. ಗಾಡಿ ಗೊರ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಡಾಕ್ಟರು ಭಾನುವಾರ ಓಡಿಸುತ್ತಿರಲಿಲ್ಲ, ಅಭ್ಯಾಸವಿಲ್ಲ ಎಂದು ಹುಡುಗ ಹೇಳುತ್ತಿದ್ದುದು ಕೇಳಿಸಿತು. ಕೊನೆಗೆ ಅಂಗಡಿಯ ಹುಡುಗರು ನಾಲ್ವರು ಸೇರಿ ತಳ್ಳಿದರು. ಮೂರು ನಿಂಬೆಹಣ್ಣು ಪಚಕ್ಕೆಂದು ಒಡೆದವು. ಎಡಗಡೆ ಹಿಂದಿನ ಚಕ್ರದ್ದು ಮಾತ್ರ ಒಡೆಯದೆ ಉರುಳಿಕೊಂಡು ಪಕ್ಕಕ್ಕೆ ಬಂತು. ಒಬ್ಬ ಹುಡುಗ ಅದನ್ನು ಎತ್ತಿ, ಪ್ಯಾಂಟಿಗೆ ಒರೆಸಿ, ಒಳಗೆ ಹೋಗಿ ಮೇಜಿನ ಡ್ರಾಯರಿಗೆ ಹಾಕಿದ. ನನ್ನ ಟೋಕನ್ ರಸೀದಿಯ ಪುಸ್ತಕವೂ ಅದೇ ಡ್ರಾಯರಿನಲ್ಲಿತ್ತು.

ಗಾಜಿನ ಕೋಣೆಯಿಂದ ಮಾಲೀಕರು ನನ್ನನ್ನು ಕಂಡರು. ಬಾಯಿ ತೆರೆದು ನಾನು ಏನಾದರೂ ಹೇಳುವ ಮೊದಲೇ, ಅಷ್ಟು ಭಾನುವಾರದಲ್ಲಿ ಒಮ್ಮೆಯೂ ಕುರ್ಚಿ ಬಿಡದಿದ್ದವರು ಎದ್ದು, ಎರಡೂ ಕೈ ಜೋಡಿಸಿಕೊಂಡು ಹೊರಗೆ ಬಂದರು.

'ಬನ್ನಿ ಬನ್ನಿ ಡಾಕ್ಟ್ರೇ! ಸರಿಯಾದ ಟೈಮಿಗೆ ಬಂದ್ರಿ' ಎಂದು ನನ್ನ ಹೆಗಲ ಮೇಲೆ ಕೈ ಹಾಕಿ ದಂಪತಿಯ ಮುಂದೆ ತಂದು ನಿಲ್ಲಿಸಿದರು. 'ನಾನು ಹೇಳ್ತಿದ್ನಲ್ಲ, ಇವರೇ. ಗಾಡಿ ಬಿಟ್ಟಿರೋಕಾಗದೆ ನೋಡೋಕೆ ಬಂದಿದ್ದಾರೆ.' ಆಮೇಲೆ ಜೇಬಿನಿಂದ ಒಂದು ಕವರ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ, 'ನಿಮ್ಮ ಬ್ಯಾಲೆನ್ಸು ಡಾಕ್ಟ್ರೇ' ಎಂದು ನನ್ನ ಅಂಗೈಯಲ್ಲಿ ಒತ್ತಿದರು. ಮುಟ್ಟಿ ನೋಡಿದರೇ ಗೊತ್ತಾಯಿತು, ಐನೂರರ ಹತ್ತು ನೋಟು. ಅರ್ಧ.

ಭಾಯ್ ಹೇಳಿದ್ದು, ಹೆಂಡತಿಯ ಮಡಿಲಿಗೆ ಬಿದ್ದದ್ದು, ಬಿ ಎಕ್ಸ್‌ಟ್ರ್ಯಾಕ್ಟು ಎಲ್ಲ ನಾಲಗೆಯ ತುದಿಯವರೆಗೆ ಬಂದಿತ್ತು. ಕವರನ್ನು ಜೇಬಿಗೆ ಹಾಕಿಕೊಂಡೆ.

ಹೊಸ ಮಾಲೀಕರು ಬಗ್ಗಿ ನಮಸ್ಕಾರ ಮಾಡಿ, 'ಗಾಡೀನ ಮಗು ತರ ಇಟ್ಕೊಂಡಿದ್ರಂತೆ' ಎಂದರು. ನಾನು ತಲೆಯಾಡಿಸಿದೆ. ಗೋಡೆ ಹಿಡಿದಿದ್ದ ಹೆಂಗಸು ಒಂದೊಂದೇ ಹೆಜ್ಜೆ ಇಡುತ್ತ ಹತ್ತಿರ ಬಂದು, ಹೇಗೂ ಸಿಕ್ಕಿದ್ದೀರಿ, ಒಂದು ಮಾತು ಕೇಳಲೇ ಎಂದರು. ಎರಡು ವರ್ಷದಿಂದ ಮೊಣಕಾಲು ನೋವಂತೆ. ಇದಕ್ಕೇನು ಮಾಡೋದು ಡಾಕ್ಟ್ರೇ?

ನಾನು ಹಾರ ಹಾಕಿಕೊಂಡು ನಿಂತಿದ್ದ ಗಾಡಿಯ ಕಡೆ ಒಮ್ಮೆ ನೋಡಿದೆ.

'ಇನ್ಮೇಲೆ ಜಾಸ್ತಿ ನಡೀಬೇಕಾಗುತ್ತೆ ತಾಯಿ' ಎಂದೆ.